ಹೊಸ ಕಲ್ಲು

ತಾನೀಗ ಬೀಡುಬಿಟ್ಟಿದ್ದ ಪರದೇಶದ ಮರಳಿನಲ್ಲೇ ನೂರು ವರ್ಷಗಳ ಹಿಂದೆ ಮಡಿದ ತನ್ನ ಜಿಲ್ಲೆಯ ಸಿಪಾಯಿಗಳ ಸ್ಮಾರಕಕ್ಕೆ ಅವನು ಕೈಮುಗಿದ. ಮರುದಿನ ಅವನ ತುಕಡಿ ಗಡಿಯ ಕಣಿವೆಗೆ ಹೊರಡಬೇಕಿತ್ತು. ಅವನೂ ಸೇರಿ ಒಂಬತ್ತು ಮಂದಿ, ಎಲ್ಲರೂ ಅದೇ ಜಿಲ್ಲೆಯವರು, ಒಬ್ಬೊಬ್ಬರದು ಒಂದೊಂದು ಊರು.

ಹಳೆಯ ಕಲ್ಲಿನ ಮೇಲೆ ಊರಿನ ಹೆಸರು, ಅದರ ಕೆಳಗೆ ಸತ್ತವರ ಹೆಸರು, ಎಲ್ಲವೂ ಕನ್ನಡದಲ್ಲಿ. ಪಕ್ಕದಲ್ಲೇ, ಅವರ ಜಿಲ್ಲೆಯಿಂದ ಕರೆಸಿದ ಮುದಿ ಕಲ್ಲುಕುಟಿಗನೊಬ್ಬ ಹೊಸ ಕಲ್ಲು ಕೆತ್ತುತ್ತ ಕೂತಿದ್ದ.

"ಇದು ಯಾರ ಸಲುವಾಗಿ ಕಾಕಾ?"

"ಹಳೇ ಯುದ್ಧದಾಗ ಸತ್ತು, ಆ ಕಲ್ಲಿನಾಗ ಬಿಟ್ಟುಹೋದ ಮಂದಿ ಸಲುವಾಗಿ ಅಂತ, ತಮ್ಮಾ. ನಿಮ್ಮ ದೊಡ್ಡ ಸಾಹೇಬ್ರು ಹೇಳ್ಯಾರ."

"ಮತ್ತ ಹೆಸರೇ ಇಲ್ಲಲ್ರೀ?"

"ಈಗ ಬರೇ ಊರು ಕೆತ್ತು ಅಂದಾರ. ಹೆಸರು ಮುಂದಿನ ವಾರ ಕೊಡ್ತಾರಂತ."

"ನೂರು ವರ್ಷದ ಹಿಂದ ಸತ್ತವರ ಹೆಸರಿಗೆ ಮುಂದಿನ ವಾರದ ತನಕ ಯಾಕ ಕಾಯಬೇಕು?"

"ನಾನೂ ಅದನ್ನೇ ಕೇಳಿದೆ. ಸಾಹೇಬ್ರು ಸಿಟ್ಟಾದ್ರು."

ಮುದುಕ ಬಗ್ಗಿ ಅಕ್ಷರಗಳ ಮೇಲಿನ ಧೂಳು ಊದಿದ. ಇವನು ಬೆರಳಿಟ್ಟು ಓದುತ್ತ ಹೋದ. ಒಂಬತ್ತು ಊರು. ಒಂದೊಂದರ ಕೆಳಗೂ ಒಂದೇ ಹೆಸರಿಗಾಗುವಷ್ಟು ಜಾಗ. ಎಲ್ಲ ಗೊತ್ತಿದ್ದ ಊರುಗಳೇ. ತಲತಲಾಂತರದ ಊರುಗಳು, ಹಿಂದೆಯೂ ಅಲ್ಲಿಂದ ಸಿಪಾಯಿಗಳು ಬಂದಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಒಂಬತ್ತನೆಯದು ಅವನ ಊರು. ಹೊಸ ಕಡ್ಲಿಗುಂದಿ. ಹಳೆಯ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ, ಅವನು ಹುಟ್ಟಿದ ವರ್ಷ, ಸರಕಾರ ಬರಡು ಗುಡ್ಡದ ಮೇಲೆ ಕಟ್ಟಿಕೊಟ್ಟ ಊರು.