ಫಕ್ಕೀರಪ್ಪನ ಎದೆಬೆಳಕು

ಸಂಜೆ ಕರೆಂಟ್ ಹೋದಾಗ ಗದಗದ ಎಲ್ಲ ಮನೆಗಳಂತೆ ನೀಲವ್ವನ ಮನೆಯಲ್ಲೂ ಯಾರೂ ಮೇಣದಬತ್ತಿ ಹುಡುಕಲಿಲ್ಲ. ಮನುಷ್ಯರ ಹೃದಯವೇ ಅಂಗಿಯ ಮೂಲಕ ಬೆಳಗುವಾಗ ಅದರ ಗೊಡವೆ ಯಾರಿಗೆ ಬೇಕು?

ಆದರೆ ಹೋದ ವರ್ಷ ಅವಳ ಗಂಡ ಫಕ್ಕೀರಪ್ಪನ ಎದೆ ಮಸಿ ಹಿಡಿದ ಕಂದೀಲಿನಂತೆ ಮಂಕಾಗಿತ್ತು. ನಾಚಿಕೆಯಿಂದ ಶಾಲು ಹೊದ್ದು ಕೂತವನು ಭಜನೆಗೆ ಹೋಗುವುದನ್ನೇ ಬಿಟ್ಟಿದ್ದ. ಡಾಕ್ಟರು ಗುಳಿಗೆ ಕೊಟ್ಟರು. ನೀಲವ್ವ ಮಿರ್ಚಿ ಭಜಿ ನಿಲ್ಲಿಸಿ, ದಿನಾ ರೊಟ್ಟಿಯ ಜೊತೆ ಅಗಸಿ ಹಿಂಡಿಯ ಚಟ್ನಿಪುಡಿ, ಹಸಿ ಬೆಳ್ಳುಳ್ಳಿ ಬಡಿಸಿದಳು.

"ಕೌದಿ ಹರದೈತಿ. ಶಾಲು ತಗೀರಿ, ಸೂಜಿಗೆ ದಾರ ಪೋಣಸ್ತೀನಿ," ಎಂದು ಈ ಸಂಜೆಯ ಕತ್ತಲಲ್ಲಿ ಅವನಿಗೆ ಹೇಳಿದಳು. ಸ್ವಂತ ಎದೆಯ ಬೆಳಕಿಗೆ ಕೈಯೇ ಅಡ್ಡ ಬರುವುದರಿಂದ ಅದಕ್ಕೆ ಎದುರು ಕೂತವರ ಬೆಳಕೇ ಬೇಕು.

"ನನ್ನ ಬೆಳಕಿನಾಗ ಏನ್ ಕಾಣತೈತಿ ಬಿಡ," ಎಂದು ಗೊಣಗುತ್ತ ಅವನು ಶಾಲು ಸರಿಸಿದ.

ಪಡಸಾಲೆಯೆಲ್ಲ ಹೊಂಬಣ್ಣವಾಯಿತು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೊಕ್ಕಿತು.

"ಇವತ್ತ ಭಜನಿಗೆ ಹೋಗಿ ಬರ್ಲೇನು?" ಎಂದ ಫಕ್ಕೀರಪ್ಪ.

ನೀಲವ್ವ ಕಣ್ಣೊರೆಸಿಕೊಂಡು, ವರ್ಷದ ಮೇಲೆ ಅವನ ಬೆಳಕಿನಲ್ಲೇ ಅವನ ಮುಖವನ್ನು ಕಣ್ತುಂಬ ನೋಡಿದಳು.

"ಹೋಗ್ರಿ. ಆದ್ರ ಮೊದಲ ಆ ಮೀಸಿಗೆ ಹತ್ತಿದ ಭಜಿ ಒರಸ್ಕೋರಿ."