ಅಪ್ಪನನ್ನು ಸ್ನೇಹಜೀವಿ ಎನ್ನುತ್ತಿದ್ದರು

ಈಗ ನಾನು ಕೂಲಿ ಕೊಟ್ಟೇ ಅರಿಶಿನ ಬೇಯಿಸುವವನು. ಆದರೂ ಕೊಪ್ಪರಿಗೆಯಿಂದ ಆ ಘಾಟು ಎದ್ದರೆ ನಮ್ಮೂರು ಹರವೆಯ ಒಂದು ಮಧ್ಯಾಹ್ನ ಕಣ್ಣಿಗೆ ಬರುತ್ತದೆ.

ನಮ್ಮೂರಲ್ಲಿ ಮುಯ್ಯಾಳು ಪದ್ಧತಿಯಿತ್ತು. ಇವತ್ತು ನಾವು ಅವರ ಹೊಲಕ್ಕೆ ಹೋದರೆ ನಾಳೆ ಅವರು ನಮ್ಮ ಹೊಲಕ್ಕೆ ಬರಬೇಕು. ಅಪ್ಪ ಯಾರು ಕರೆದರೂ ಹೋಗುತ್ತಿದ್ದ. ಊರೆಲ್ಲ ಅವನನ್ನು ಸ್ನೇಹಜೀವಿ ಎನ್ನುತ್ತಿತ್ತು. ಅವತ್ತು ನಮ್ಮ ಅರಿಶಿನ ಬೇಯಿಸುವ ಸರದಿ. ಬಾಡಿಗೆಯ ಕೊಪ್ಪರಿಗೆ ಮರುದಿನ ಉಮ್ಮತ್ತೂರಿಗೆ ಹೋಗಬೇಕಿತ್ತು. ಬರಬೇಕಾದವರೆಲ್ಲ ಬೆಳಿಗ್ಗೆಯೇ ಜೀಪು ಹತ್ತಿ ಗುಂಡ್ಲುಪೇಟೆ ಕಡೆಯ ಚೆಂಡುಹೂವಿನ ಕೂಲಿಗೆ ಹೋಗಿದ್ದರು.

"ಸ್ನೇಹಜೀವಿ ಅಂದ್ರೇನವ್ವಾ?" ಎಂದು ಕೇಳಿದೆ.

ಒಲೆಗೆ ಕಬ್ಬಿನ ಸೋಗೆ ನೂಕುತ್ತಿದ್ದ ಅವ್ವ ತಲೆ ಎತ್ತಲಿಲ್ಲ. "ಯಾರ್ ಕರುದ್ರೂ ಇಲ್ಲ ಅನ್ನಕ್ಕೆ ಬರದೋರು ಕಣ್ಲಾ. ನಿಮ್ಮಪ್ಪನ್ನ ನೋಡು."

"ಬತ್ತಾರೆ ಬುಡಮ್ಮಿ," ಎಂದ ಅಪ್ಪ, ಹೊಗೆಗೆ ಕೆಮ್ಮುತ್ತಾ. "ನಮ್ ಜನ, ಎಲ್ಗೋದಾರು?"

ಸಂಜೆ ಜೀಪು ಬಂದು ನಮ್ಮ ಹೊಲದ ಅಂಚಿನಲ್ಲಿ ನಿಂತಿತು. ಅರ್ಧ ಅರಿಶಿನ ಇನ್ನೂ ಹಸಿಯಾಗಿ ರಾಶಿ ಬಿದ್ದಿತ್ತು. ಅಪ್ಪ ಮುಖ ಅರಳಿಸಿಕೊಂಡು ಎದ್ದ. ಯಾರೂ ಇಳಿಯಲಿಲ್ಲ.

"ಅಣ್ಣೋ, ನಾಳೀಕೆ ನಮ್ಮ ಅರಿಶಿನ ಕೀಳಕ್ಕೆ ಬತ್ತೀಯ ತಾನೆ?" ಎಂದು ಒಬ್ಬ ಒಳಗಿನಿಂದಲೇ ಕೂಗಿದ.

ಅವ್ವ ಅಪ್ಪನ ಮುಖವನ್ನೇ ನೋಡಿದಳು.

"ಬರ್ದೆ ಇರ್ತೀನೇನ್ಲಾ," ಎಂದು ಅಪ್ಪ ನಕ್ಕ.