ಎರಡು ರೊಟ್ಟಿಯ ಗಂಟು

ಜ್ಞಾನೇಶ್ವರ ಕಾಕಾ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟವನು, ಅಗಿಯುವುದನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ಮೂಗಿನ ಹತ್ತಿರ ಹಿಡಿದ.

“ಇದು ಯಾರ ಮನೀ ರೊಟ್ಟಿ, ಆಪಾ?”

ವಜೀರಬಿಗೆ ರೇಗಿತು. ಓಣಿಯ ಮನೆಮನೆಗೂ ಹೋಗಿ, ಎರಡೆರಡು ರೊಟ್ಟಿಯ ಗಂಟು ಎತ್ತಿ, ಬುಟ್ಟಿ ಹೊತ್ತುಕೊಂಡು ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಈ ಬೇವಿನ ಗಿಡದ ಕೆಳಗೆ ಬರುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿರುತ್ತಿತ್ತು. ಇಲ್ಲಿ ಮನೆಮಾರಿಲ್ಲದ ಹದಿನಾಲ್ಕು ಜನ ಬುಟ್ಟಿಯ ದಾರಿ ಕಾಯುತ್ತ ಸಾಲಾಗಿ ಕೂತಿರುತ್ತಿದ್ದರು. ಕೊಟ್ಟವರ ಹೆಸರು ತಿನ್ನುವವರಿಗೆ ಹೇಳಬಾರದು ಎಂಬುದು ಓಣಿಯ ಹೆಂಗಸರೆಲ್ಲ ಕೂಡಿ ಮಾಡಿಕೊಂಡಿದ್ದ ಕಟ್ಟು.

“ಯಾರದಾದ್ರ ನಿನಗೇನೋ ಕಾಕಾ? ಬೀಗತನಾ ಬೆಳಸಾಂವಿದ್ದಿ ಏನ್?”

ಸಾಲಿಗೆ ಸಾಲೇ ನಕ್ಕಿತು. ಕಾಕಾ ನಗಲಿಲ್ಲ.

“ಬಸವಕಲ್ಯಾಣದ ಹಿಟ್ಟಿನ ಗಿರಣ್ಯಾಗ ಮೂವತ್ತು ವರ್ಷ ದುಡಿದಾವ ನಾ. ಇದರಾಗ ಜೋಳ ಅದ, ಗೋಧಿ ಅದ, ಕಡ್ಲಿ ಅದ, ಒಂದೀಟು ಖಾರದ ಘಾಟೂ ಅದ. ಇದು ಗಿರಣಿ ನೆಲಾ ಬಳದ ಹಿಟ್ಟು, ಆಪಾ. ದನಕ್ಕ ಕಲಸಾಕ ಒಯ್ತಾರ.”

ರೊಟ್ಟಿಯ ಕೆಳಗಿದ್ದ ಅರಿವೆಯನ್ನು ವಜೀರಬಿ ನೋಡಿದಳು. ಹಳದಿ ಅಂಚು. ಮನೆ ಕಟ್ಟುವ ಗೌಂಡಿ ಅಜೀತನ ಹೆಂಡತಿ ಪೂನಂಳದು. ಅವಳ ಮೈಯೆಲ್ಲ ಉರಿದುಹೋಯಿತು.

“ಪುಣ್ಯಾ ಬೇಕಂತ, ಅದೂ ನೆಲಾ ಬಳದು! ಇರಲಿ, ನಾಳೆ ಆಕಿ ಬಾಗಲ್ದಾಗ ನಿಂತು ನೀರಿಳಿಸ್ತೀನಿ.”

“ಬೈಯಾಕಿದ್ರ ಬೈ. ಆದ್ರ ಮೊದಲ ಆಕಿ ಹಿಟ್ಟಿನ ಡಬ್ಬಿ ನೋಡಿ ಬೈ,” ಎಂದ ಕಾಕಾ, ಆ ರೊಟ್ಟಿಯನ್ನು ಚೂರೂ ಬಿಡದೆ ತಿಂದ. ಆಮೇಲೆ ಬಹಳ ಹೊತ್ತು ಕೆಮ್ಮಿದ. ಗಿರಣಿಯ ಧೂಳು ಅವನ ಎದೆಯೊಳಗೆ ಇನ್ನೂ ಮನೆ ಮಾಡಿಕೊಂಡಿತ್ತು.

ಉಂಡವರೆಲ್ಲ ಎದ್ದ ಮೇಲೆ ವಜೀರಬಿ ದಿನದಂತೆ ಒಂದೊಂದೇ ಅರಿವೆ ಝಾಡಿಸಿ, ಒಂದೊಂದು ಚಿಟಿಕೆ ಸಕ್ಕರೆ ಹಾಕಿ ಗಂಟು ಕಟ್ಟಿದಳು. ಯಾರ ಮನೆಗೂ ಅರಿವೆ ಖಾಲಿ ಮರಳಿಸಬಾರದು ಎಂಬುದು ಅವಳ ತಾಯಿ ಕಲಿಸಿದ್ದ ಪಾಠ. ಹಳದಿ ಅಂಚಿನದಕ್ಕೆ ಮಾತ್ರ ಆ ದಿನ ಸಕ್ಕರೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಪೂನಂಳ ಮನೆಯ ಬಾಗಿಲಲ್ಲಿ ನಿಲ್ಲದೆ ನೇರ ಒಳಗೇ ಹೋದಳು. ಪಡಸಾಲೆಯಲ್ಲಿ ಅಜೀತ ತೊಡೆಯ ತನಕ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಮಲಗಿದ್ದ. ಅವಳನ್ನು ಕಂಡು ಗೋಡೆಯ ಕಡೆ ಮುಖ ಹೊರಳಿಸಿದ. ಅಡುಗೆಮನೆಯಲ್ಲಿ ಪೂನಂ ಎರಡು ರೊಟ್ಟಿಯ ಗಂಟು ಆಗಲೇ ಕಟ್ಟಿಟ್ಟಿದ್ದಳು. ಎರಡು ಮಕ್ಕಳು ಎದುರಿಗೆ ಕೂತು ಆ ಗಂಟನ್ನೇ ನೋಡುತ್ತಿದ್ದವು. ವಜೀರಬಿ ಡಬ್ಬಿಯ ಮುಚ್ಚಳ ತೆಗೆದಳು. ತಳದಲ್ಲಿ ಹಿಟ್ಟಿರಲಿಲ್ಲ, ಹಿಟ್ಟು ಬಳಿದ ಬೆರಳಿನ ಗೀರುಗಳಿದ್ದವು.

“ಎಷ್ಟು ದಿನಾ ಆತು ಹಿಂಗ?”

“ಇವರು ಮಾಳಿಗಿ ಮ್ಯಾಲಿಂದ ಬಿದ್ದು ತಿಂಗಳಾತ್ರಿ, ಆಪಾ.”

“ಮತ್ತ ನನ್ನ ಬುಟ್ಟೀಗಿ ಯಾಕ ಹಾಕಾಕತ್ತೀ, ಹುಚ್ಚಿ? ಒಂದು ಮಾತು ಅಂದಿದ್ರ ನಾನೇ ತಂದು ಕೊಡ್ತಿದ್ದಿಲ್ಲೇನು?”

ಪೂನಂ ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. “ಬ್ಯಾಡ್ರಿ. ಎಲ್ಲಾರ ಬಾಗಲಾ ಬಡದು ನಮ್ಮದೊಂದು ದಾಟಿ ಹ್ವಾದ್ರ, ಓಣಿಗೆಲ್ಲ ತಿಳೀತದ. ಕೊಡೋ ಮಂದ್ಯಾಗ ಇನ್ನಾ ನಮ್ಮ ಹೆಸರು ಅದ. ಇವರಿಗಿ ಅದೊಂದು ಉಳದದ ನೋಡ್ರಿ. ದಾಟಿ ಹೋಗಬ್ಯಾಡ್ರಿ, ಆಪಾ.”

ವಜೀರಬಿ ಗಂಟು ಎತ್ತಿಕೊಂಡು ಹೊರಗೆ ಬಂದವಳು, ನಾಲ್ಕು ಮನೆಗೆ ಕೇಳುವ ಹಾಗೆ ಕೂಗಿ ಹೇಳಿದಳು: “ಪೂನಂ, ನಾಳಿ ಇನ್ನಾ ಲಗೂ ಬಡದಿಡವಾ! ಅಲ್ಲಿ ಮಂದಿ ಕಾಯ್ತದ!”

ಬೇವಿನ ಗಿಡದ ಕೆಳಗೆ ಕಾಕಾನಿಗೆ ಇಷ್ಟೇ ಅಂದಳು: “ಡಬ್ಬಿ ನೋಡಿದೆ. ಎರಡು ಮಕ್ಕಳವ ಅಲ್ಲಿ.”

ಮರುದಿನ ಸಾಲಿನಲ್ಲಿ ಕಾಕಾನ ಜಾಗ ಖಾಲಿ ಇತ್ತು. ಅದರ ಮರುದಿನ ಬಂದಾಗ ಅವನ ಹುಬ್ಬು, ಗಡ್ಡ, ಕಿವಿಯ ಮಡಿಕೆಯೆಲ್ಲ ಬೆಳ್ಳಗಾಗಿದ್ದವು. ಕೆಮ್ಮು ಒಂದಕ್ಕೆ ಎರಡಾಗಿತ್ತು. ಕಂಕುಳಲ್ಲಿ ಟವೆಲಿನ ಗಂಟು.

“ಇಲ್ಲೇ ಒಂದು ಗಿರಣ್ಯಾಗ ನಿನ್ನೆ ಇಡೀ ದಿನ ನಿಂತೆ. ಪಗಾರ ಬ್ಯಾಡ, ಎರಡು ಸೇರು ಜೋಳದ ಹಿಟ್ಟು ಕೊಡ್ರಿ ಅಂದೆ.”

“ಆ ಧೂಳಿನಾಗ ಮತ್ತ ಕಾಲಿಟ್ರ ಉಳ್ಯಾಂಗಿಲ್ಲ ಅಂತ ಡಾಕ್ಟರ್ ಹೇಳಿಲ್ಲೇನೋ ನಿನಗ, ಮುದುಕಾ!”

“ಹೇಳ್ಯಾನ, ಹೇಳ್ಯಾನ. ನೀ ಹೆಸರು ಹೇಳಬ್ಯಾಡ, ನಾ ಕೇಳಂಗಿಲ್ಲ. ಆ ಹಳದಿ ಅಂಚಿನ ಅರಿವ್ಯಾಗ ಸಕ್ರಿ ಬದಲಿ ಇದನ್ನ ಕಟ್ಟು. ಖಾಲಿ ಮರಳಸಬಾರದಲ್ಲ?”

ಅಂದೇ ಸಂಜೆ ಹಳದಿ ಅಂಚಿನ ಅರಿವೆ ಹಿಟ್ಟು ತುಂಬಿಕೊಂಡು ಪೂನಂಳ ಮನೆಗೆ ಮರಳಿತು. ಮರುದಿನ ಬುಟ್ಟಿ ಇಳಿಸಿದ ಕೂಡಲೇ ವಜೀರಬಿ ಹಳದಿ ಅಂಚಿನ ಗಂಟನ್ನೇ ಮೊದಲು ಬಿಚ್ಚಿ ಕಾಕಾನ ಕೈಗೆ ರೊಟ್ಟಿ ಕೊಟ್ಟಳು. ಅವನು ಮೂಸಿದ. ಚೂರು ಮುರಿದು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದ.

“ಬರೇ ಜೋಳ,” ಎಂದ.

ವಜೀರಬಿಯ ಮುಖ ಅರಳಿತು. ಕಾಕಾ ಮಾತ್ರ ಎರಡನೆಯ ಚೂರು ಮುರಿದವನು ಅದನ್ನು ಬಾಯಿಗಿಡದೆ ಅಂಗೈಯಲ್ಲೇ ಹಿಡಿದುಕೊಂಡು ಕೂತ.

“ಮಕ್ಕಳು ಉಂಡ ಮ್ಯಾಲ ಇದನ್ನ ಬಡದಾಳೋ, ಇದನ್ನೇ ಮೊದಲ ಬಡದಾಳೋ… ಅದೊಂದು ಮೂಗಿಗಿ ತಿಳ್ಯಾಂಗಿಲ್ಲ ನೋಡು, ಆಪಾ.”